ಬೈಕ್ ಬ್ರೇಕ್ ಕಚ್ಚಿಕೊಂಡಿದೆಯಾ? ಪ್ಯಾಡ್ ಕೊಳ್ಳುವ ಮೊದಲು ಇದನ್ನು ಓದಿ

ಆಟಿ (ತುಳುವರ ಜುಲೈ-ಆಗಸ್ಟ್ ತಿಂಗಳು) ಕಳೆದು ಮಳೆ ಸ್ವಲ್ಪ ಬಿಡುವು ಕೊಟ್ಟಿತೆಂದರೆ ಓದುಗರಿಂದ ಒಂದೇ ಪ್ರಶ್ನೆ ಬರಲು ಶುರು. "ಮೂರು ತಿಂಗಳು ನಿಲ್ಲಿಸಿದ್ದ ಬೈಕ್ ತಳ್ಳಿದರೂ ಅಲುಗಾಡುವುದಿಲ್ಲ, ಬ್ರೇಕ್ ಜಾಮ್, ಎಂತ ಮಾಡುವುದು?" ಇನ್ನು ಕೆಲವರ ಬೈಕ್ ಓಡುತ್ತದೆ, ಆದರೆ ಸುರತ್ಕಲ್‌ನಿಂದ ಪಡುಬಿದ್ರಿ ಮುಟ್ಟುವಷ್ಟರಲ್ಲಿ ಮುಂದಿನ ಡಿಸ್ಕ್ ಕೈಯಿಡಲಾಗದಷ್ಟು ಕಾದಿರುತ್ತದೆ, ಮೈಲೇಜ್ ಬಿದ್ದಿರುತ್ತದೆ. ಇಬ್ಬರೂ ಕೊನೆಗೆ ಕೇಳುವುದು ಒಂದೇ: ಹೊಸ ಪ್ಯಾಡ್ ಹಾಕಿದರೆ ಸರಿಯಾಗುತ್ತದಾ?

ಹೆಚ್ಚಿನ ಸಲ ಆಗುವುದಿಲ್ಲ. ಡಿಸ್ಕಿಗೆ ಒತ್ತಿ ಉಜ್ಜುವ ಪ್ಯಾಡ್ ಸವೆಯುವ ವಸ್ತು, ಅದು ಕಚ್ಚಿಕೊಳ್ಳುವುದು ಅಪರೂಪ. ಕಚ್ಚಿಕೊಳ್ಳುವುದು ಅದರ ಆಚೀಚೆ ಜಾರಬೇಕಾದ ಭಾಗಗಳು. ಅವು ಯಾವುವು, ಅವುಗಳಲ್ಲಿ ತಪ್ಪಿತಸ್ಥ ಯಾವುದು ಎಂದು ಬಿಚ್ಚುವ ಮೊದಲೇ ಗೊತ್ತು ಮಾಡಿಕೊಳ್ಳಲು ಬರುತ್ತದೆ. ಅದಕ್ಕೆ ಬೇಕಾದದ್ದು ಒಂದು ಸ್ಪ್ಯಾನರ್ ಮತ್ತು ಹತ್ತು ನಿಮಿಷ.

ನಮ್ಮ ಕರಾವಳಿ ಕಡೆ ಈ ತೊಂದರೆ ಬೆಂಗಳೂರಿಗಿಂತ ಹೆಚ್ಚು, ಕಾರಣ ಗಾಳಿಯಲ್ಲೇ ಉಂಟು. ಮಂಗಳೂರಿನಲ್ಲಿ ವರ್ಷಕ್ಕೆ 3,500 ಮಿ.ಮೀ.ಗಿಂತ ಹೆಚ್ಚು ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಉಳಿದ ತಿಂಗಳುಗಳಲ್ಲಿ ಉಪ್ಪುಗಾಳಿ. ಕ್ಯಾಲಿಪರ್ ಅಲ್ಯೂಮಿನಿಯಮ್, ಅದರೊಳಗಿನ ಪಿನ್ನು, ನಿಪ್ಪಲ್ಲು ಉಕ್ಕು (ಈ ಹೆಸರುಗಳ ಅರ್ಥ ಕೆಳಗಿದೆ). ಎರಡು ಬೇರೆ ಬೇರೆ ಲೋಹ ತಾಗಿಕೊಂಡಿದ್ದು ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಮ್ ಬೇಗ ತಿಂದುಹೋಗಿ ಬಿಳಿ ಪುಡಿ ಕಟ್ಟುತ್ತದೆ. ಮಲ್ಪೆಯಿಂದ ಮೀನು ತರುವ ಬೈಕ್‌ಗಳದ್ದು ಇನ್ನೂ ಕಷ್ಟ. ಪೆಟ್ಟಿಗೆಯಿಂದ ಸೋರುವ ಐಸ್ ನೀರು ನೇರ ಹಿಂದಿನ ಚಕ್ರದ ಮೇಲೆಯೇ ಬೀಳುತ್ತದೆ.

ಮೊದಲು ಐದು ಹೆಸರು

ಕ್ಯಾಲಿಪರ್ ಅಂದರೆ ಡಿಸ್ಕನ್ನು ಎರಡೂ ಬದಿಯಿಂದ ಹಿಡಿಯುವ ಲೋಹದ ಗೂಡು. ಅದರೊಳಗೆ ಪ್ಯಾಡನ್ನು ಒತ್ತುವ ಕೊಳವೆಯಾಕಾರದ ತುಂಡು ಪಿಸ್ಟನ್. ಬ್ರೇಕ್ ಬಿಟ್ಟಾಗ ಪಿಸ್ಟನ್ನನ್ನು ಹಿಂದಕ್ಕೆ ಎಳೆಯುವ ಸ್ಪ್ರಿಂಗ್ ಯಾವುದೂ ಇಲ್ಲ. ಸುತ್ತಲಿನ ರಬ್ಬರ್ ಸೀಲ್ ಸ್ವಲ್ಪ ತಿರುಚಿಕೊಂಡು ಮತ್ತೆ ನೆಟ್ಟಗಾಗುವಾಗ ಅದನ್ನು ಕೂದಲೆಳೆಯಷ್ಟು ಹಿಂದೆ ತರುತ್ತದೆ, ಅಷ್ಟೇ. ಹಾಗಾಗಿ ತುಸು ಕೊಳೆ, ತುಸು ತುಕ್ಕು ಇದ್ದರೂ ಪಿಸ್ಟನ್ ವಾಪಸ್ ಬರುವುದಿಲ್ಲ.

ನಮ್ಮ ಹೆಚ್ಚಿನ ಬೈಕ್‌ಗಳಲ್ಲಿ ಪಿಸ್ಟನ್ ಒಂದೇ ಬದಿಗೆ ಇರುತ್ತದೆ. ಇನ್ನೊಂದು ಬದಿಯ ಪ್ಯಾಡ್ ಒತ್ತಬೇಕಾದರೆ ಇಡೀ ಕ್ಯಾಲಿಪರ್ ಪಕ್ಕಕ್ಕೆ ಜಾರಬೇಕು. ಅದು ಜಾರುವ ಕಂಬಿಗಳೇ ಸ್ಲೈಡರ್ ಪಿನ್. ಹ್ಯಾಂಡಲ್ ಮೇಲೆ ಆಯಿಲ್ ಡಬ್ಬಿಯ ಜೊತೆ ಕೂತಿರುವ ಪಂಪ್ ಮಾಸ್ಟರ್ ಸಿಲಿಂಡರ್. ಕ್ಯಾಲಿಪರ್ ಮೇಲೆ ರಬ್ಬರ್ ಟೊಪ್ಪಿ ಹಾಕಿಕೊಂಡ ಸಣ್ಣ ಮೊಳೆಯಂಥದ್ದು ಬ್ಲೀಡ್ ನಿಪ್ಪಲ್. ಒಳಗಿನ ಆಯಿಲ್ ಮತ್ತು ಗಾಳಿಯನ್ನು ಹೊರಬಿಡುವ ಬಾಯಿ ಅದು. ಡ್ರಮ್ ಬ್ರೇಕ್‌ನ ಹೆಸರುಗಳನ್ನು ಮುಂದೆ ಹೇಳುತ್ತೇನೆ.

ಬೇಕಾಗುವ ಸಾಮಾನು

ರಿಂಗ್ ಸ್ಪ್ಯಾನರ್ ಸೆಟ್ (ನಿಪ್ಪಲ್‌ಗೆ ಸಾಮಾನ್ಯವಾಗಿ 8 ಮಿ.ಮೀ., ಕೆಲವಕ್ಕೆ 10), ಅಲನ್ ಕೀ, ಜಿ-ಕ್ಲ್ಯಾಂಪ್, ನಿಪ್ಪಲ್‌ಗೆ ಬಿಗಿಯಾಗಿ ಕೂರುವ ಪಾರದರ್ಶಕ ಟ್ಯೂಬ್, ಖಾಲಿ ಬಾಟಲಿ, ಹಳೇ ಟೂತ್‌ಬ್ರಷ್, ಬ್ರೇಕ್ ಕ್ಲೀನರ್ ಅಥವಾ ಐಸೊಪ್ರೊಪೈಲ್ ಆಲ್ಕೊಹಾಲ್, ಮಾಸ್ಕ್, ಕೈಗವಸು.

ಬ್ರೇಕ್ ಆಯಿಲ್ ವಿಷಯದಲ್ಲಿ ಉಳಿತಾಯ ಬೇಡ. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಅಚ್ಚೊತ್ತಿರುತ್ತದೆ, ಅದನ್ನೇ ತನ್ನಿ. ಡಾಟ್ 5 ಎಂಬುದು ಸಿಲಿಕೋನ್ ಆಯಿಲ್, ಇವುಗಳ ಜೊತೆ ಸೇರಿಸಲೇಬಾರದು. ಮತ್ತೊಂದು ವಿಷಯ: ಈ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು ಎಂಬುದು ಮಾನದಂಡ. ತೇವ ಸೇರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಕಳೆದ ವರ್ಷ ಅರ್ಧ ಬಳಸಿ ಕಪಾಟಿನಲ್ಲಿಟ್ಟ ಬಾಟಲಿ ನಮ್ಮ ಹವೆಯಲ್ಲಿ ಕೆಟ್ಟಿದೆ ಎಂದೇ ತಿಳಿಯಿರಿ. ಸಣ್ಣ ಸೀಲ್ ಬಾಟಲಿ ಕೊಳ್ಳಿ.

ಗ್ರೀಸ್ ಎರಡು ಬಗೆಯದು ಬೇಕು. ಸ್ಲೈಡರ್ ಪಿನ್ನಿಗೆ ಸಿಲಿಕೋನ್ ಗ್ರೀಸ್, ಡ್ರಮ್ಮಿನ ಕ್ಯಾಮ್‌ಗೆ ಬಿಸಿ ತಡೆಯುವ ಗ್ರೀಸ್. ಚೈನಿಗೋ ಬೇರಿಂಗಿಗೋ ಹಾಕುವ ಸಾಮಾನ್ಯ ಗ್ರೀಸನ್ನು ಡಿಸ್ಕ್ ಬ್ರೇಕಿನ ರಬ್ಬರಿಗೆ ತಾಗಿಸಬೇಡಿ. ರಬ್ಬರ್ ಉಬ್ಬಿ, ನೀವು ಬಿಡಿಸಿದ ಬ್ರೇಕ್ ತಿಂಗಳೊಳಗೆ ಮತ್ತೆ ಕಚ್ಚಿಕೊಳ್ಳುತ್ತದೆ.

ಹಂತ 1: ಯಾವುದು ಕಚ್ಚಿಕೊಂಡಿದೆ ಎಂದು ಪತ್ತೆ ಮಾಡಿ

ಬೈಕನ್ನು ಸಮತಟ್ಟು ಜಾಗದಲ್ಲಿ ಮೈನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ, ಚಕ್ರ ನೆಲ ಬಿಡುವಂತೆ ಮಾಡಿ. ನ್ಯೂಟ್ರಲ್‌ನಲ್ಲಿ ಮುಂದಿನ, ಹಿಂದಿನ ಚಕ್ರ ಬೇರೆ ಬೇರೆಯಾಗಿ ತಿರುಗಿಸಿ. ಡಿಸ್ಕ್‌ಗೆ ಪ್ಯಾಡ್ ತುಸು ಉಜ್ಜುವ ಸದ್ದು ಸಹಜ. ಕೈ ಬಿಟ್ಟ ಕೂಡಲೇ ಚಕ್ರ ನಿಂತರೆ ಅದು ಸಹಜವಲ್ಲ.

ಮುಂದಿನ ಡಿಸ್ಕ್ ಹಿಡಿದಿದ್ದರೆ ಮೊದಲು ಲಿವರ್ ನೋಡಿ. ತುದಿಯಲ್ಲಿ ಸ್ವಲ್ಪವಾದರೂ ಸಡಿಲ ಇರಬೇಕು. ಚಂದಕ್ಕೆಂದು ಹಾಕಿಸಿದ ಹೊರಗಿನ ಲಿವರ್ ಕೆಲವೊಮ್ಮೆ ಮಾಸ್ಟರ್ ಸಿಲಿಂಡರ್‌ನ ಪಿಸ್ಟನ್ನನ್ನು ಸದಾ ಒತ್ತಿಕೊಂಡೇ ಇರುತ್ತದೆ. ಹಾಗಿದ್ದರೆ ಮೂಲ ಲಿವರ್ ಹಾಕಿ ನೋಡಿ, ಕೆಲಸ ಅಲ್ಲಿಗೇ ಮುಗಿಯಬಹುದು. ಆಯಿಲ್ ಡಬ್ಬಿ ಕಂಠಮಟ್ಟ ತುಂಬಿದೆಯಾ? ಅದೂ ಕಾರಣವೇ. ಬಿಸಿಗೆ ಹಿಗ್ಗಿದ ಆಯಿಲ್‌ಗೆ ಜಾಗ ಸಿಗದೆ ಬ್ರೇಕ್ ತಾನಾಗಿ ಹಿಡಿಯುತ್ತದೆ.

ಇವೆರಡೂ ಸರಿ ಇದ್ದರೆ ಮುಖ್ಯ ಪರೀಕ್ಷೆ. ಕ್ಯಾಲಿಪರ್ ಸುತ್ತ ಬಟ್ಟೆ ಇಟ್ಟು, ನಿಪ್ಪಲ್‌ಗೆ ಟ್ಯೂಬ್ ಸಿಕ್ಕಿಸಿ, ಕಾಲು ಸುತ್ತು ಸಡಿಲಿಸಿ.

ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕ್ಯಾಲಿಪರ್ ನಿರಪರಾಧಿ. ಒತ್ತಡ ಮೇಲೆಲ್ಲೋ ಸಿಕ್ಕಿಬಿದ್ದಿದೆ. ಮಾಸ್ಟರ್ ಸಿಲಿಂಡರ್‌ನೊಳಗೆ ಆಯಿಲ್ ಡಬ್ಬಿಗೆ ವಾಪಸ್ ಹೋಗುವ ಸೂಜಿಮೊನೆಯಷ್ಟು ರಂಧ್ರ ಕಟ್ಟಿರಬಹುದು. ಇಲ್ಲವೇ ಹಳೇ ಹೋಸ್, ಅಂದರೆ ಆಯಿಲ್ ಸಾಗುವ ರಬ್ಬರ್ ಪೈಪ್, ಒಳಗೇ ಉಬ್ಬಿ ಒಂದೇ ದಿಕ್ಕಿಗೆ ಬಿಡುವ ಕವಾಟದಂತೆ ಆಗಿರಬಹುದು. ಇವೆರಡರಲ್ಲಿ ಯಾವುದು? ನಿಪ್ಪಲ್ ಮುಚ್ಚಿ, ಲಿವರ್ ಒತ್ತಿ ಮತ್ತೆ ಜಾಮ್ ಮಾಡಿ. ಈ ಸಲ ಹೋಸನ್ನು ಮಾಸ್ಟರ್ ಸಿಲಿಂಡರ್‌ಗೆ ಸೇರಿಸುವ ಟೊಳ್ಳು ಬೋಲ್ಟ್, ಅಂದರೆ ಬ್ಯಾಂಜೊ ಬೋಲ್ಟನ್ನು ಬಟ್ಟೆ ಸುತ್ತಿ ಸ್ವಲ್ಪ ಸಡಿಲಿಸಿ. ಚಕ್ರ ಬಿಟ್ಟರೆ ದೋಷ ಮಾಸ್ಟರ್ ಸಿಲಿಂಡರ್‌ನದ್ದು. ಬಿಡದಿದ್ದರೆ ಹೋಸ್‌ನದ್ದು. ಹೋಸ್ ರಿಪೇರಿಯಾಗುವ ವಸ್ತುವಲ್ಲ, ಹೊಸದೇ ಹಾಕಿ. ಬಿಚ್ಚಿದ ಬ್ಯಾಂಜೊ ಬೋಲ್ಟಿಗೆ ಪ್ರತಿ ಸಲವೂ ಹೊಸ ವಾಷರ್ ಬೇಕು.

ನಿಪ್ಪಲ್ ತೆರೆದರೂ ಚಕ್ರ ಬಿಡಲಿಲ್ಲವೆಂದರೆ ಪಿಸ್ಟನ್ ಅಥವಾ ಸ್ಲೈಡರ್ ಪಿನ್ ಕಚ್ಚಿಕೊಂಡಿದೆ. ಕರಾವಳಿಯಲ್ಲಿ ಹೆಚ್ಚಾಗಿ ಕಾಣುವುದು ಇದೇ.

ಎಚ್ಚರಿಕೆ: ನಿಪ್ಪಲ್ ತಿರುಗದಿದ್ದರೆ ಜೋರು ಮಾಡಬೇಡಿ. ಟೊಪ್ಪಿ ಕಳೆದುಹೋದ ನಿಪ್ಪಲ್ ಒಳಗೇ ತುಕ್ಕು ಹಿಡಿದು ಮುರಿಯುತ್ತದೆ, ಮುರಿದರೆ ಲೇತ್ ಅಂಗಡಿಗೇ ಹೋಗಬೇಕು. ಪ್ಯಾಡ್, ಡಿಸ್ಕ್ ಮುಚ್ಚಿ, ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಒಂದೆರಡು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಆರು ಮೂಲೆಯ ರಿಂಗ್ ಸ್ಪ್ಯಾನರ್ ಹಾಕಿ. ಓಪನ್ ಸ್ಪ್ಯಾನರ್ ತಲೆಯನ್ನು ಉರುಟು ಮಾಡಿಬಿಡುತ್ತದೆ.

ಹಂತ 2: ಕ್ಯಾಲಿಪರ್ ಇಳಿಸುವುದು, ಪಿನ್ ನೋಡುವುದು

ಪ್ಯಾಡ್‌ಗಳನ್ನು ಹಿಡಿದಿಡುವ ಪ್ಯಾಡ್ ಪಿನ್ನುಗಳನ್ನು (ಇವು ಸ್ಲೈಡರ್ ಪಿನ್ ಅಲ್ಲ) ಕ್ಯಾಲಿಪರ್ ಫೋರ್ಕ್ ಮೇಲೆ ಇರುವಾಗಲೇ ಸ್ವಲ್ಪ ಸಡಿಲಿಸಿಕೊಳ್ಳಿ. ಕೈಯಲ್ಲಿ ಹಿಡಿದು ಬಿಚ್ಚುವುದು ಕಷ್ಟ. ಆಮೇಲೆ ಕ್ಯಾಲಿಪರ್‌ನ ಎರಡು ಬೋಲ್ಟ್ ತೆಗೆದು ಡಿಸ್ಕ್‌ನಿಂದ ಜಾರಿಸಿ. ಹೋಸ್‌ನಲ್ಲಿ ನೇತಾಡಲು ಬಿಡಬೇಡಿ, ತಂತಿಯಿಂದ ಕಟ್ಟಿ ನಿಲ್ಲಿಸಿ. ಎಬಿಎಸ್ (ಬ್ರೇಕ್ ಹಿಡಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇರುವ ಬೈಕಾದರೆ ಚಕ್ರದ ಸೆನ್ಸರ್ ವಯರ್ ಹತ್ತಿರವೇ ಇರುತ್ತದೆ, ಅದನ್ನು ಎಳೆಯಬೇಡಿ.

ಹೊರಬಂದ ಪ್ಯಾಡ್‌ಗಳೇ ಸಾಕ್ಷಿ ಹೇಳುತ್ತವೆ. ಒಂದು ಪ್ಯಾಡ್ ಪೂರ್ತಿ ಸವೆದು ಇನ್ನೊಂದು ಹೊಸದರಂತಿದ್ದರೆ ಕ್ಯಾಲಿಪರ್ ಜಾರುತ್ತಿಲ್ಲ, ಪಿನ್ ಕಚ್ಚಿದೆ. ಒಂದೇ ಪ್ಯಾಡ್ ಓರೆಯಾಗಿ ಸವೆದಿದ್ದರೂ ಅದೇ ಅರ್ಥ.

ಕ್ಯಾಲಿಪರ್ ಮತ್ತು ಅದನ್ನು ಫೋರ್ಕಿಗೆ ಹಿಡಿಸುವ ಬ್ರಾಕೆಟನ್ನು ಎರಡು ಕೈಯಲ್ಲಿ ಹಿಡಿದು ಎಳೆದು ಬೇರ್ಪಡಿಸಿ. ಬಾರದಿದ್ದರೆ ತಿರುಚುತ್ತಾ ಎಳೆಯಿರಿ, ಸುತ್ತಿಗೆ ಬೇಡ. ಪಿನ್ನಿನ ಮೇಲಿನ ಹಳೇ ಗ್ರೀಸ್ ಕಂದು ಅಂಟಾಗಿರುತ್ತದೆ, ಕೆಲವದರ ರಬ್ಬರ್ ಬೂಟ್ ಹರಿದು ಒಳಗೆ ಕೆಮ್ಮಣ್ಣೇ ತುಂಬಿರುತ್ತದೆ. ಪಿನ್ ಮತ್ತು ಅದು ಕೂರುವ ತೂತು ಎರಡನ್ನೂ ಲೋಹ ಕಾಣುವವರೆಗೆ ಒರೆಸಿ. ಮೇಲ್ಮೈಯ ತುಕ್ಕು ಹೋಗಲು ಬಹಳ ನಯವಾದ ಎಮೆರಿ ಪೇಪರ್ ಸಾಕು. ಕುಳಿ ಬಿದ್ದ ಪಿನ್ ಮತ್ತು ಹರಿದ ಬೂಟ್ ಬದಲಾಯಿಸಿ. ತೆಳ್ಳಗೆ ಸಿಲಿಕೋನ್ ಗ್ರೀಸ್ ಸವರಿ, ಕೈಯಿಂದ ಒತ್ತಿದರೆ ಸಲೀಸಾಗಿ ಜಾರುತ್ತದೆಯೇ ನೋಡಿ. ಗ್ರೀಸ್ ಹೆಚ್ಚಾಯಿತೆಂದರೆ ಒಳಗೆ ಗಾಳಿ ಸಿಕ್ಕಿ ಪಿನ್ ಹೊರಕ್ಕೆ ಚಿಮ್ಮಿ ಬರುತ್ತದೆ. ಹೆಚ್ಚಿನದ್ದನ್ನು ಒರೆಸಿ ತೆಗೆಯಿರಿ.

ಹಂತ 3: ಪಿಸ್ಟನ್

ಇಲ್ಲಿ ತಾಳ್ಮೆ ಬೇಕು. ಪಿಸ್ಟನ್ ಎದುರು ಮರದ ತುಂಡು ಇಟ್ಟು, ನಿಧಾನವಾಗಿ ಲಿವರ್ ಒತ್ತಿ ಅದನ್ನು ಕೆಲವು ಮಿಲಿಮೀಟರ್ ಹೊರಗೆ ತನ್ನಿ. ಹೊರಬಂದ ಭಾಗವನ್ನು ಬ್ರೇಕ್ ಆಯಿಲ್‌ನಲ್ಲಿ ಅದ್ದಿದ ಬ್ರಷ್‌ನಿಂದ ಸುತ್ತಲೂ ತೊಳೆದು, ನಿಪ್ಪಲ್ ತೆರೆದು ಜಿ-ಕ್ಲ್ಯಾಂಪ್‌ನಿಂದ ಒಳಗೆ ಒತ್ತಿ. ನಿಪ್ಪಲ್ ತೆರೆದೇ ಒತ್ತಬೇಕು, ಏಕೆಂದರೆ ಕೊಳೆ ಆಯಿಲ್ ಹೊರಗೆ ಹೋಗಲಿ, ಮೇಲೆ ಎಬಿಎಸ್ ಘಟಕಕ್ಕೋ ಮಾಸ್ಟರ್ ಸಿಲಿಂಡರ್‌ಗೋ ವಾಪಸ್ ಹೋಗುವುದು ಬೇಡ. ಹೀಗೆ ಕೆಲವು ಸಲ ಒಳಗೆ ಹೊರಗೆ ಮಾಡಿದರೆ ಹಲವು ಪಿಸ್ಟನ್‌ಗಳು ಬಿಡುತ್ತವೆ.

ಎರಡು ಪಿಸ್ಟನ್ ಇರುವ ಕ್ಯಾಲಿಪರ್‌ನಲ್ಲಿ ಸಾಮಾನ್ಯವಾಗಿ ಒಂದು ಓಡುತ್ತದೆ, ಇನ್ನೊಂದು ಕದಲುವುದಿಲ್ಲ. ಓಡುವುದನ್ನು ಕ್ಲ್ಯಾಂಪ್‌ನಿಂದ ಹಿಡಿದು ನಿಲ್ಲಿಸಿ ಲಿವರ್ ಒತ್ತಿದರೆ ಒತ್ತಡವೆಲ್ಲ ಕಚ್ಚಿದ ಪಿಸ್ಟನ್ ಮೇಲೆ ಬೀಳುತ್ತದೆ.

ಒಳಗೆ ಒತ್ತಿದರೂ ಬಿಗಿಯೇ ಇದ್ದರೆ ಪೂರ್ತಿ ಹೊರತೆಗೆಯಬೇಕು. ಲಿವರ್ ಒತ್ತಿಯೇ ಹೊರತನ್ನಿ, ಕೆಳಗೆ ಪಾತ್ರೆ ಇರಲಿ. ಟಯರ್ ಅಂಗಡಿಯ ಕಂಪ್ರೆಸರ್ ಗಾಳಿ ಹಿಡಿದು ಹಾರಿಸುವುದು ಇಲ್ಲಿನ ರೂಢಿ. ಬೇಡ. ಗಾಳಿಯ ಒತ್ತಡಕ್ಕೆ ಪಿಸ್ಟನ್ ಗುಂಡಿನ ಹಾಗೆ ಬರುತ್ತದೆ, ಎದುರಿಗೆ ಬೆರಳು ಇದ್ದರೆ ಬೆರಳು ಹೋಯಿತು. ಪ್ಲೈಯರ್‌ನಿಂದ ಪಿಸ್ಟನ್ನಿನ ಹೊರಮೈ ಹಿಡಿದು ತಿರುವುವುದೂ ತಪ್ಪು. ಗೀರು ಬಿದ್ದಲ್ಲಿ ಆಯಿಲ್ ಸೋರುತ್ತದೆ.

ಹೊರಬಂದ ಪಿಸ್ಟನ್ ಮೇಲೆ ಉಗುರು ಎಳೆಯಿರಿ. ಉಗುರಿಗೆ ಕುಳಿ ಸಿಕ್ಕಿದರೆ, ಮೇಲಿನ ಹೊಳಪಿನ ಲೇಪ ಎದ್ದಿದ್ದರೆ ಹೊಸ ಪಿಸ್ಟನ್ ಕೊಳ್ಳಿ. ಆದರೆ ಪಿಸ್ಟನ್ ನಯವಾಗಿಯೇ ಇದ್ದು ಬಿಗಿಯಾಗಿದ್ದ ಉದಾಹರಣೆಗಳೇ ನಮ್ಮಲ್ಲಿ ಹೆಚ್ಚು. ಹಾಗಾದರೆ ದೋಷ ಎಲ್ಲಿ? ಸೀಲ್ ಕೂರುವ ಕಾಲುವೆಯಲ್ಲಿ. ಕ್ಯಾಲಿಪರ್‌ನೊಳಗೆ ಎರಡು ಕಾಲುವೆಗಳಿರುತ್ತವೆ, ಒಳಗಿನದ್ದು ಆಯಿಲ್ ತಡೆಯುವ ಸೀಲ್, ಹೊರಗಿನದ್ದು ಧೂಳು ತಡೆಯುವ ಸೀಲ್. ಹೊರಗಿನ ಸೀಲಿನ ಹಿಂದೆ ಬಿಳಿ ಪುಡಿ ಕಟ್ಟಿ, ರಬ್ಬರನ್ನು ಮುಂದಕ್ಕೆ ದೂಡಿ, ಅದು ಪಿಸ್ಟನ್ನನ್ನು ಅಪ್ಪಿ ಹಿಡಿಯುತ್ತದೆ. ಹೊಸ ಸೀಲ್ ಹಾಕಿಯೂ ಬ್ರೇಕ್ ಮತ್ತೆ ಹಿಡಿಯುತ್ತದೆ ಎಂದು ಗೊಣಗುವವರ ಬೈಕಿನಲ್ಲಿ ಈ ಪುಡಿ ಅಲ್ಲೇ ಉಳಿದಿರುತ್ತದೆ. ಮರದ ಕಡ್ಡಿ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನಿಂದ ಕಾಲುವೆಯನ್ನು ಸುತ್ತಲೂ ಕೆರೆದು ಶುಚಿ ಮಾಡಿ. ಸ್ಕ್ರೂಡ್ರೈವರ್ ಬಳಸಿದರೆ ಅಲ್ಯೂಮಿನಿಯಮ್ ಗೀರುತ್ತದೆ.

ಸೀಲ್ ಎರಡೂ ಹೊಸದೇ ಇರಲಿ. ಹೊಸ ಬ್ರೇಕ್ ಆಯಿಲ್‌ನಲ್ಲಿ ಅದ್ದಿ ಕೂರಿಸಿ, ಪಿಸ್ಟನ್ನಿಗೂ ಆಯಿಲ್ ಸವರಿ, ಹೆಬ್ಬೆರಳಿನಿಂದಲೇ ನೆಟ್ಟಗೆ ಒತ್ತಿ. ಕೈಬಲದಲ್ಲಿ ಒಳಗೆ ಹೋಗಬೇಕು. ಹೋಗದಿದ್ದರೆ ಓರೆಯಾಗಿದೆ, ತೆಗೆದು ಮತ್ತೆ ಇಡಿ.

ಹಂತ 4: ಜೋಡಣೆ ಮತ್ತು ಗಾಳಿ ತೆಗೆಯುವುದು

ಪ್ಯಾಡ್, ಡಿಸ್ಕ್ ಎರಡನ್ನೂ ಬ್ರೇಕ್ ಕ್ಲೀನರ್‌ನಿಂದ ಒರೆಸಿ. ಎಣ್ಣೆ ಕುಡಿದ ಪ್ಯಾಡನ್ನು ಉಜ್ಜಿ, ಸುಟ್ಟು ಉಳಿಸಿಕೊಳ್ಳಲು ನೋಡಬೇಡಿ. ಡಿಸ್ಕಿನ ಕನಿಷ್ಠ ದಪ್ಪ ಅದರ ಮೇಲೆಯೇ ಕೆತ್ತಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಡಿಸ್ಕೂ ಬದಲಾಗಬೇಕು. ಬೋಲ್ಟ್‌ಗಳನ್ನು ಸರ್ವಿಸ್ ಕೈಪಿಡಿಯಲ್ಲಿ ಕೊಟ್ಟ ಬಿಗಿಗೆ ಟಾರ್ಕ್ ರೆಂಚ್‌ನಲ್ಲಿ ಬಿಗಿಸಿ.

ಗಾಳಿ ತೆಗೆಯುವುದಕ್ಕೆ ಇಬ್ಬರಿದ್ದರೆ ಸುಲಭ. ಡಬ್ಬಿ ತುಂಬಿ, ಟ್ಯೂಬಿನ ಇನ್ನೊಂದು ತುದಿಯನ್ನು ಬಾಟಲಿಯಲ್ಲಿ ಸ್ವಲ್ಪ ಆಯಿಲ್‌ನೊಳಗೆ ಮುಳುಗಿಸಿ. ಒಬ್ಬರು ಲಿವರ್ ಕೆಲವು ಸಲ ಒತ್ತಿ ಹಿಡಿದಿಡಬೇಕು, ಇನ್ನೊಬ್ಬರು ನಿಪ್ಪಲ್ ಕಾಲು ಸುತ್ತು ತೆರೆದು ಮುಚ್ಚಬೇಕು, ಮುಚ್ಚಿದ ಮೇಲೆಯೇ ಲಿವರ್ ಬಿಡಬೇಕು. ಈ ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಕ್ಕೆ. ಗುಳ್ಳೆ ನಿಲ್ಲುವವರೆಗೆ ಮುಂದುವರಿಸಿ, ಡಬ್ಬಿ ಖಾಲಿಯಾಗಲು ಬಿಡಬೇಡಿ. ಎಬಿಎಸ್ ಬೈಕ್‌ನಲ್ಲಿ ಡಬ್ಬಿ ಒಣಗಿ ಘಟಕದೊಳಗೆ ಗಾಳಿ ಹೊಕ್ಕರೆ ಅದನ್ನು ತೆಗೆಯಲು ಸರ್ವಿಸ್ ಸೆಂಟರಿನ ಉಪಕರಣವೇ ಬೇಕಾಗಬಹುದು. ಆಯಿಲ್ ಪೇಂಟ್ ಮೇಲೆ ಬಿದ್ದರೆ ಕೂಡಲೇ ನೀರು ಹಾಕಿ ತೊಳೆಯಿರಿ, ಇಲ್ಲದಿದ್ದರೆ ಪೇಂಟ್ ಕಿತ್ತುಬರುತ್ತದೆ.

ಹೊರಗೆ ಮಳೆ ಹನಿಯುವಾಗ ಡಬ್ಬಿಯ ಮುಚ್ಚಳ ತೆರೆಯುವ ಕೆಲಸವನ್ನೇ ಹಿಡಿಯಬೇಡಿ. ಹಳೇ ಆಯಿಲನ್ನು ಅಂಗಳದ ತೋಡಿಗೆ ಸುರಿಯಬೇಡಿ; ನಮ್ಮಲ್ಲಿ ಮನೆಗೊಂದು ಬಾವಿ ಇದೆ. ಬಾಟಲಿಯಲ್ಲಿ ಹಾಕಿ ಗ್ಯಾರೇಜ್‌ಗೆ ಕೊಡಿ.

ಹಂತ 5: ಡ್ರಮ್ ಬ್ರೇಕ್ ಆದರೆ

ನಿಲ್ಲಿಸಿದ ಬೈಕಿನ ಹಿಂದಿನ ಚಕ್ರ ಹಿಡಿದಿದ್ದರೆ ಎರಡು ಸಾಧ್ಯತೆ: ಡ್ರಮ್ಮಿನ ಒಳಮೈಗೆ ಒತ್ತುವ ಬ್ರೇಕ್ ಶೂ ಅದರ ತುಕ್ಕಿಗೆ ಅಂಟಿದೆ, ಅಥವಾ ಶೂಗಳನ್ನು ಅಗಲಿಸುವ ಕ್ಯಾಮ್ ಎಂಬ ಚಪ್ಪಟೆ ತುದಿಯ ಕಂಬಿ ತನ್ನ ತೂತಿನಲ್ಲಿ ಕಚ್ಚಿದೆ. ಅಡ್ಜಸ್ಟರ್ ನಟ್ ಪೂರ್ತಿ ಸಡಿಲಿಸಿ ಕ್ಯಾಮ್‌ನ ತೋಳನ್ನು ಕೈಯಿಂದ ಹಿಂದಕ್ಕೆ ದೂಡಿ. ತೋಳು ಸಲೀಸಾಗಿ ಬಂದು ಚಕ್ರ ಬಿಡದಿದ್ದರೆ ಶೂ ಅಂಟಿದೆ. ಬೈಕನ್ನು ಹಿಂದೆ ಮುಂದೆ ಅಲುಗಾಡಿಸಿ, ಡ್ರಮ್ ಸುತ್ತ ಮರದ ತುಂಡಿನಿಂದ ಮೆಲ್ಲಗೆ ತಟ್ಟಿದರೆ ಸಾಕು. ಮೊದಲು ಕೇಬಲ್ ಅಥವಾ ಪೆಡಲಿನ ಬುಡ ತುಕ್ಕು ಹಿಡಿದಿಲ್ಲವೆಂದು ಖಚಿತ ಮಾಡಿಕೊಳ್ಳಿ, ಬರೀ ಅದರಿಂದಲೇ ಬ್ರೇಕ್ ವಾಪಸ್ ಬಾರದೆ ಇರುವುದುಂಟು.

ತೋಳೇ ಕದಲದಿದ್ದರೆ ಚಕ್ರ ಬಿಚ್ಚಬೇಕು. ಶೂಗಳು ಕೂತಿರುವ ಬ್ರೇಕ್ ಪ್ಲೇಟ್ ಹೊರಬಂದ ಕೂಡಲೇ ಮಾಸ್ಕ್ ಹಾಕಿ ಒದ್ದೆ ಬಟ್ಟೆಯಿಂದ ಧೂಳು ಒರೆಸಿ, ಊದಬೇಡಿ. ಹಳೇ ಶೂಗಳಲ್ಲಿ ಕಲ್ನಾರು ಇದ್ದಿರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಡುಕು. ತೋಳು ತೆಗೆಯುವ ಮೊದಲು ತೋಳಿಗೂ ಕಂಬಿಗೂ ಎದುರುಬದುರು ಗುರುತು ಹಾಕಿ. ಗುರುತಿಲ್ಲದೆ ಒಂದು ಹಲ್ಲು ಆಚೀಚೆ ಕೂರಿಸಿದರೆ ಪೆಡಲ್ ಎತ್ತರವೇ ಬದಲಾಗುತ್ತದೆ. ಕ್ಯಾಮ್ ಕಂಬಿಯನ್ನು ಎಮೆರಿಯಿಂದ ಹೊಳೆಯುವಂತೆ ತಿಕ್ಕಿ, ತೂತನ್ನೂ ಶುಚಿ ಮಾಡಿ, ಗ್ರೀಸ್ ತೆಳ್ಳಗೆ ಹಚ್ಚಿ. ಹೆಚ್ಚಾದ ಗ್ರೀಸ್ ಬಿಸಿಗೆ ಕರಗಿ ಶೂ ಮೇಲೆ ಹರಿದರೆ ಬ್ರೇಕೇ ಇಲ್ಲ. ಡ್ರಮ್ಮಿನ ಒಳಗಿನ ತುಕ್ಕನ್ನು ಮರಳು ಕಾಗದದಿಂದ ತೆಗೆಯಿರಿ.

ಮತ್ತೆ ಕೂರಿಸುವಾಗ ಪೆಡಲ್ ಒತ್ತಿ ಹಿಡಿದುಕೊಂಡೇ ಆಕ್ಸಲ್ ನಟ್ ಬಿಗಿಸಿ, ಶೂಗಳು ಡ್ರಮ್ಮಿನ ನಡುವೆ ಕೂರುತ್ತವೆ. ಈಗ ಈ ಲೇಖನದ ಅತಿ ಮುಖ್ಯ ಎಚ್ಚರಿಕೆ: ಬ್ರೇಕ್ ಪ್ಲೇಟನ್ನು ಸ್ವಿಂಗ್ ಆರ್ಮ್‌ಗೆ (ಹಿಂದಿನ ಚಕ್ರವನ್ನು ಹಿಡಿದಿರುವ ಚೌಕಟ್ಟಿಗೆ) ಕಟ್ಟಿ ಹಿಡಿಯುವ ಟಾರ್ಕ್ ರಾಡ್‌ನ ನಟ್ ಮತ್ತು ಸ್ಪ್ಲಿಟ್ ಪಿನ್ ಮರೆಯಬೇಡಿ. ಅದು ಕಳಚಿದರೆ ಬ್ರೇಕ್ ಒತ್ತಿದಾಗ ಇಡೀ ಪ್ಲೇಟೇ ಸುತ್ತಿಕೊಂಡು ಚಕ್ರ ಲಾಕ್ ಆಗಿ ನೀವು ನೆಲದ ಮೇಲೆ. ಪೆಡಲ್‌ಗೆ ಹೆಚ್ಚಿನ ಬೈಕ್‌ಗಳಲ್ಲಿ 20ರಿಂದ 30 ಮಿ.ಮೀ. ಸಡಿಲ ಇರಬೇಕು, ನಿಮ್ಮದರ ಅಳತೆ ಕೈಪಿಡಿಯಲ್ಲಿದೆ.

ಹಂತ 6: ಓಡಿಸಿ ನೋಡುವುದು

ಹೊರಡುವ ಮೊದಲು ಲಿವರ್ ಗಟ್ಟಿಯಾಗುವವರೆಗೆ ಒತ್ತಿ. ಕ್ಯಾಲಿಪರ್ ಬಿಚ್ಚಿದ ಮೇಲೆ ಮೊದಲ ಕೆಲವು ಒತ್ತುಗಳಿಗೆ ಬ್ರೇಕ್ ಇರುವುದೇ ಇಲ್ಲ, ಮನೆಯ ಗೇಟಿಗೆ ಗುದ್ದುವುದು ಈ ಮರೆವಿನಿಂದ. ಅಂಗಳದಲ್ಲಿ ನಡಿಗೆಯ ವೇಗದಲ್ಲಿ, ಆಮೇಲೆ ಖಾಲಿ ಒಳರಸ್ತೆಯಲ್ಲಿ. ಎರಡು ಮೂರು ಕಿಲೋಮೀಟರ್ ಬ್ರೇಕ್ ಆದಷ್ಟು ಕಡಿಮೆ ಹಿಡಿದು ಓಡಿಸಿ ಬಂದು ಡಿಸ್ಕ್ ಮೇಲೆ ನಾಲ್ಕು ಹನಿ ನೀರು ಚಿಮುಕಿಸಿ. ಚುಯ್ ಎಂದರೆ ಇನ್ನೂ ಉಜ್ಜುತ್ತಿದೆ. ಹೊಸ ಪ್ಯಾಡ್ ಹಾಕಿದ್ದರೆ ಕೆಲವು ದಿನ ಮೆಲ್ಲಗೆ ಬ್ರೇಕ್ ಹಿಡಿದು ಕೂರಲು ಬಿಡಿ. ಅಲ್ಲಿಯವರೆಗೆ ಆಗುಂಬೆ, ಚಾರ್ಮಾಡಿ ಇಳಿಯುವ ಯೋಜನೆ ಬೇಡ.

ದಾರಿಯಲ್ಲೇ ಹಿಡಿದರೆ

ಬೈಕ್ ಬದಿಗೆ ನಿಲ್ಲಿಸಿ ಅರ್ಧ ಗಂಟೆ ತಣಿಯಲು ಬಿಡಿ. ಕಾದ ಡಿಸ್ಕಿಗೆ ನೀರು ಎರಚಬೇಡಿ, ಸೊಟ್ಟಗಾಗುತ್ತದೆ. ತಣಿದ ಮೇಲೆ ಬಿಟ್ಟರೂ ಹೆದ್ದಾರಿ 66ರ ವೇಗಕ್ಕೆ ಮರಳಬೇಡಿ. ನಿಪ್ಪಲ್ ತೆರೆದು ಒತ್ತಡ ಬಿಡಿಸಬಹುದು ಎಂದು ಹೇಳುವವರಿದ್ದಾರೆ, ನಿಜ, ಆದರೆ ಆಮೇಲೆ ಮುಂದಿನ ಬ್ರೇಕ್ ಇದೆ ಎಂದು ನಂಬಬೇಡಿ. ನನ್ನ ಅಭಿಪ್ರಾಯದಲ್ಲಿ ಒಂದು ಗೂಡ್ಸ್ ಟೆಂಪೊಗೆ ಕೊಡುವ ಬಾಡಿಗೆ ಅಗ್ಗ.

ಮತ್ತೆ ಹಿಡಿಯದಂತೆ

ಸ್ಲೈಡರ್ ಪಿನ್‌ಗಳನ್ನು ಮೇ ತಿಂಗಳಲ್ಲೊಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ ತೆಗೆದು ಗ್ರೀಸ್ ಮಾಡಿ. ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ ಬದಲಾಯಿಸಿ. ಪಣಂಬೂರು, ಕಾಪು, ಮಲ್ಪೆ ಕಡಲತೀರದಿಂದ ಬಂದ ದಿನವೇ ಸಿಹಿನೀರು ಹಾಕಿ ತೊಳೆಯಿರಿ. ಪ್ರೆಷರ್ ವಾಷ್ ಪೈಪನ್ನು ಕ್ಯಾಲಿಪರ್‌ನ ರಬ್ಬರಿಗೆ ನೇರ ಹಿಡಿಸಬೇಡಿ. ತೊಳೆದ ಮೇಲೆ ಹಾಗೇ ನಿಲ್ಲಿಸದೆ ಒಂದು ಸುತ್ತು ಹೋಗಿ ನಾಲ್ಕು ಸಲ ಬ್ರೇಕ್ ಹಿಡಿದು ಒಣಗಿಸಿ.

ಗಲ್ಫಿಗೋ ಮುಂಬೈಗೋ ಹೊರಟು ಬೈಕನ್ನು ತಿಂಗಳುಗಟ್ಟಲೆ ಬಿಡುವವರು ಅದಕ್ಕೆ ಪ್ಲಾಸ್ಟಿಕ್ ಹೊದಿಕೆ ಬಿಗಿದು ಹೋಗುತ್ತಾರೆ. ಒಳಗಿನ ತೇವ ಹೊರಹೋಗದೆ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಮಾಡಿನ ಕೆಳಗೆ, ಗಾಳಿಯಾಡುವಲ್ಲಿ, ಹತ್ತಿ ಬಟ್ಟೆ ಹೊದಿಸಿ ಮೈನ್ ಸ್ಟ್ಯಾಂಡ್ ಹಾಕಿ ನಿಲ್ಲಿಸಿ. ಹಿಂದಿನ ಡ್ರಮ್ಮಿನ ಅಡ್ಜಸ್ಟರ್ ಕೆಲವು ಸುತ್ತು ಸಡಿಲಿಸಿ, ಹಾಗೆ ಸಡಿಲಿಸಿದ್ದೀರೆಂದು ಒಂದು ಚೀಟಿ ಬರೆದು ಹ್ಯಾಂಡಲ್‌ಗೆ ಕಟ್ಟಿ. ಮನೆಯಲ್ಲಿರುವವರಿಗೆ ಹದಿನೈದು ದಿನಕ್ಕೊಮ್ಮೆ ಎರಡೂ ಚಕ್ರ ತಿರುಗಿಸಿ, ಲಿವರ್ ಮತ್ತು ಪೆಡಲನ್ನು ಹತ್ತು ಸಲ ಒತ್ತಲು ಹೇಳಿಡಿ. ಬೈಕ್ ಸ್ಟಾರ್ಟ್ ಮಾಡಲು ಬಾರದವರೂ ಅಷ್ಟನ್ನು ಮಾಡಬಹುದು.